ಮುತ್ತಜ್ಜಿಯ ಹೆಸರು ಎಲ್ಲಿ ಹುಡುಕಲಿ?

ಪ್ರಶ್ನೆ: ಅಕ್ಕಾ, ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ವಂಶಾವಳಿ ಹೇಳುವ ಹೆಳವರು ಬಂದಿದ್ದರು. ಪುಸ್ತಕ ತೆಗೆದು ಏಳು ತಲೆಮಾರಿನ ಹೆಸರು ಓದಿದರು. ಎಲ್ಲ ಗಂಡಸರ ಹೆಸರೇ. ನಮ್ಮ ಮನೆತನ ಉಳಿದದ್ದು ಮುತ್ತಜ್ಜಿಯಿಂದ. ಪ್ಲೇಗಿನಲ್ಲಿ ಗಂಡ ತೀರಿಕೊಂಡ ಮೇಲೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಮೂರು ಮಕ್ಕಳನ್ನು ಸಾಕಿದಳಂತೆ. ಅವಳ ಹೆಸರೇ ಯಾರಿಗೂ ಗೊತ್ತಿಲ್ಲ. ಎಲ್ಲಿ ಹುಡುಕಲಿ?
– ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ತಂಗೀ, ಮೊದಲು ಅಟ್ಟ ಹತ್ತಿ. ಹಳೇ ತಾಮ್ರ, ಹಿತ್ತಾಳೆ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ.

ನನ್ನ ಮುತ್ತಜ್ಜಿಯ ಹೆಸರು ಸಿಕ್ಕಿದ್ದು ತಾಮ್ರದ ಕೊಡದ ಕಂಠದಲ್ಲಿ. ಮದುವೆಗೆ ತವರಿನವರು ಕೊಟ್ಟ ಕೊಡ. ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರ ಸವೆದಿದ್ದವು. ಅಕ್ಕಿಹಿಟ್ಟು ಸವರಿ ಮೆಲ್ಲಗೆ ಒರೆಸಿದೆ. ಚುಕ್ಕಿಗಳಲ್ಲಿ ಹಿಟ್ಟು ಕೂತು ಅಕ್ಷರ ಬೆಳ್ಳಗೆ ಕಂಡವು. ಮೊದಲ ಅಕ್ಷರ ಮಾತ್ರ ಇಲ್ಲ. ಒಂದು ಸೊನ್ನೆ, ಆಮೇಲೆ ‘ಗವ್ವ’. ನಿಂಗವ್ವನೋ, ಗಂಗವ್ವನೋ, ಸಂಗವ್ವನೋ?

ಗಂಟು ಬಿಡಿಸಿದ್ದು ನನ್ನ ಸೋದರತ್ತೆ. ನಮ್ಮ ಕಡೆ ತೀರಿಹೋದ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುತ್ತಾರೆ ಅಲ್ವಾ? ಆದರೆ ಸೊಸೆ ತನ್ನ ಅತ್ತೆಯ ಹೆಸರು ಹೇಳುವ ಹಾಗಿರಲಿಲ್ಲ. ಅದಕ್ಕೇ ನನ್ನಜ್ಜಿ ಮಗಳನ್ನು ‘ಅಕ್ಕವ್ವ’ ಅಂತಲೇ ಕರೆದಳು. ಊರೂ ಹಾಗೇ ಕರೆಯಿತು. ‘ಶಾಲೆಯಲ್ಲಿ ಏನಂತ ಬರೆಸಿದ್ದರು?’ ಎಂದು ಕೇಳಿದೆ. ‘ಸಂಗವ್ವ’ ಅಂದಳು. ಅಷ್ಟು ವರ್ಷ ಆ ಹೆಸರು ಹೊತ್ತಿದ್ದಳು, ಅದು ಯಾರದ್ದೆಂದು ಅವಳಿಗೇ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಕರೆಯುವ ಹೆಸರು ಬೇರೆ, ಇಟ್ಟ ಹೆಸರು ಬೇರೆ ಇರುವ ಹಿರಿಯರು ಯಾರಿದ್ದಾರೆ, ಕೇಳಿ ನೋಡಿ.

ಇನ್ನೊಂದು ದಾರಿ ಹೊಲದ ಕಾಗದ. ಮಕ್ಕಳು ಚಿಕ್ಕವರಿದ್ದಾಗ ತಂದೆ ತೀರಿದರೆ, ವಾರಸಾ ಮಾಡುವಾಗ, ಅಂದರೆ ಹೊಲ ಮಕ್ಕಳ ಹೆಸರಿಗೆ ಮಾಡುವಾಗ, ಪಾಲಕಳೆಂದು ತಾಯಿಯ ಹೆಸರು ಬರೆಯುವುದುಂಟು. ನಿಮ್ಮ ಮುತ್ತಜ್ಜಿಯದು ಅದೇ ಸ್ಥಿತಿ. ಹೊಲದ ಸರ್ವೆ ನಂಬರ್ ಹಿಡಿದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಉತಾರ (ಪಹಣಿ) ಕೇಳಿ. ನಿಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಳೇ ಕಾಗದ ಮೋಡಿಯಲ್ಲಿ, ಅಂದರೆ ಆಗ ಮರಾಠಿ ಬರೆಯುತ್ತಿದ್ದ ಲಿಪಿಯಲ್ಲಿ ಇದ್ದರೆ ಹೆದರಬೇಡಿ, ಓದಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ.

ಯಾವ ವರ್ಷದಿಂದ ಹುಡುಕಬೇಕು ಅನ್ನುವುದೂ ಮುಖ್ಯ. ಹುಬ್ಬಳ್ಳಿಯಲ್ಲಿ ಪ್ಲೇಗು 1898ರಲ್ಲಿ ಜೋರಾಗಿತ್ತು. ಆಮೇಲೂ ಮತ್ತೆ ಮತ್ತೆ ಬಂತು. 1918ರ ಇನ್‌ಫ್ಲುಯೆಂಜಾವನ್ನೂ ಕೆಲವು ಮನೆಗಳ ಕಥೆಯಲ್ಲಿ ಪ್ಲೇಗು ಅಂತಲೇ ಹೇಳಿರಬಹುದು. ‘ಆಗ ಅಜ್ಜ ನಡೆಯುತ್ತಿದ್ದನೋ, ಕಂಕುಳ ಕೂಸೋ?’ ಎಂದು ಕೇಳಿ. ಇಸವಿ ನೆನಪಿರದವರಿಗೂ ಇದು ನೆನಪಿರುತ್ತದೆ.

ಹೆಳವರ ಮೇಲೆ ಬೇಜಾರು ಬೇಡ. ಎತ್ತಿನ ಮೇಲೆ ಊರೂರು ಅಲೆದು ಇಷ್ಟನ್ನು ಕಾಪಾಡಿಕೊಂಡು ಬಂದವರು ಅವರೇ. ಮುತ್ತಜ್ಜಿ ಯಾವ ಊರಿಂದ ಬಂದವಳು ಎಂದು ಗೊತ್ತಾದರೆ, ಆ ಊರಿನ ಹೆಳವರು ಯಾರೆಂದು ಅವರನ್ನೇ ಕೇಳಿ. ಮುಂದಿನ ಸಲ ಬಂದಾಗ ಕಾಳು ಕೊಡುವ ಮುಂಚೆ ಆ ಗುಡಿಸಲಿನ ಕಥೆ ಹೇಳಿ. ನಿಮ್ಮ ಅವ್ವನ ಹೆಸರು, ನಿಮ್ಮ ಹೆಸರು, ನಿಮ್ಮ ಹೆಣ್ಣುಮಕ್ಕಳ ಹೆಸರು ಅವರ ಪುಸ್ತಕಕ್ಕೆ ಬರೆಸಿ.

ಮತ್ತೆ, ಹಳೇ ಪಾತ್ರೆ ಕೊಟ್ಟು ಸ್ಟೀಲ್ ತಗೊಳ್ಳುವ ಮಾತು ಮನೆಯಲ್ಲಿ ನಡೆದಿದ್ದರೆ, ಇವತ್ತೇ ನಿಲ್ಲಿಸಿ.