ಜಾವಾದಲ್ಲಿ ಅರೇ ಇರುವಾಗ ಅರೇಲಿಸ್ಟ್ ಏಕೆ ಬೇಕು?

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಸುಗ್ಗಿಯಲ್ಲಿ ಎಷ್ಟು ಚೀಲ ಬಂದು ಇಳಿಯುತ್ತವೆ ಎಂಬುದನ್ನು ಬೆಳಿಗ್ಗೆಯೇ ಹೇಳಲಾಗದು. ಪ್ರತಿ ಚೀಲದ ತೂಕವನ್ನು ಜಾವಾ ಪ್ರೋಗ್ರಾಮಿಂಗ್ ಭಾಷೆಯ ಅರೇಯಲ್ಲಿ, ಅಂದರೆ ಒಂದೊಂದು ಮನೆಯಲ್ಲಿ ಒಂದೊಂದು ಅಂಶವನ್ನಿಡುವ ಸಾಲಿನಲ್ಲಿ, ಬರೆದಿಡಬೇಕೆಂದರೆ ಅದರ ಉದ್ದವನ್ನು ಮೊದಲೇ ನಿಗದಿಪಡಿಸಬೇಕು. 100 ಮನೆಗಳ ಅರೇಗೆ 101ನೆಯ ತೂಕವನ್ನು ತುಂಬಲು ಹೋದರೆ ಪ್ರೋಗ್ರಾಂ ದೋಷ ತೋರಿಸಿ ನಿಂತುಬಿಡುತ್ತದೆ. ಜಾವಾದಲ್ಲೇ ಸಿದ್ಧವಾಗಿ ಸಿಗುವ ಪಟ್ಟಿಯಾದ ಅರೇಲಿಸ್ಟ್‌ಗೆ ಈ ಕಟ್ಟುಪಾಡಿಲ್ಲ, ಸೇರಿಸಿದಷ್ಟೂ ಬೆಳೆಯುತ್ತದೆ.

ಇದರಲ್ಲಿ ಮಾಯೆಯೇನೂ ಇಲ್ಲ, ಅದರ ಹೊಟ್ಟೆಯೊಳಗೆ ಇರುವುದೂ ಒಂದು ಅರೇಯೇ. ಜಾವಾದ ಮುಕ್ತ ಆಕರ ಆವೃತ್ತಿಯಾದ ಓಪನ್‌ಜೆಡಿಕೆಯಲ್ಲಿ ಗಾತ್ರ ಹೇಳದೆ ರಚಿಸಿದ ಪಟ್ಟಿಗೆ ಮೊದಲ ಅಂಶ ಸೇರಿದಾಗ 10 ಮನೆಗಳ ಅರೇ ಸಿದ್ಧವಾಗುತ್ತದೆ. 11ನೆಯದು ಬಂದಾಗ ಒಂದೂವರೆ ಪಟ್ಟು, ಅಂದರೆ 15 ಮನೆಗಳ ಹೊಸ ಅರೇಯನ್ನು ಮಾಡಿ, ಹಳೆಯ ಹತ್ತನ್ನೂ ಅದಕ್ಕೆ ನಕಲಿಸಿ, ಹಳೆಯದನ್ನು ಕೈಬಿಡಲಾಗುತ್ತದೆ. ಈ ನಕಲು ಅಪರೂಪಕ್ಕೆ ನಡೆಯುವುದರಿಂದ ಕೊನೆಗೆ ಸೇರಿಸುವ ಕೆಲಸ ಸರಾಸರಿಯಲ್ಲಿ ಹಗುರ. ನಡುವೆ ತುರುಕಿದರೆ ಮಾತ್ರ ಮುಂದಿನವೆಲ್ಲ ಒಂದೊಂದು ಮನೆ ಸರಿಯಬೇಕಾಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಅಳಿಸುವಲ್ಲಿ. ನಾನೂ ಇದರಲ್ಲೇ ಒಂದು ಸಂಜೆ ಕಳೆದಿದ್ದೇನೆ. ಪೂರ್ಣಾಂಕಗಳ ಪಟ್ಟಿಯಲ್ಲಿ 58, 2, 61, 60 ಇವೆ ಎಂದುಕೊಳ್ಳೋಣ. ತಪ್ಪಾಗಿ ನಮೂದಾದ 2ನ್ನು ತೆಗೆಯಲೆಂದು ಪಟ್ಟಿಯಿಂದ ಅಳಿಸುವ ರಿಮೂವ್ ವಿಧಾನಕ್ಕೆ ನೇರವಾಗಿ 2 ಎಂದು ಕೊಟ್ಟರೆ, ಜಾವಾ ಅದನ್ನು ಸ್ಥಾನಸಂಖ್ಯೆಯೆಂದು ತಿಳಿಯುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವ ಕಾರಣ ಹೋಗುವುದು 61. 2 ಎಂಬ ಅಂಶವನ್ನೇ ಅಳಿಸಬೇಕಿದ್ದರೆ ಅದನ್ನು ಇಂಟಿಜರ್ (ಪೂರ್ಣಾಂಕ) ವರ್ಗದ ವ್ಯಾಲ್ಯೂಆಫ್ ವಿಧಾನದ ಮೂಲಕ ವಸ್ತುವಾಗಿಸಿ (ಆಬ್ಜೆಕ್ಟ್) ಕೊಡಬೇಕು.