ನಮ್ಮ ಬಗ್ಗೆ ಹೇಳುವಾಗ ‘ಮೆನ್ಶೇಬೀನ್’ ಬೇಡ

ಸರ್, ಜಪಾನಿನ ದಕ್ಷಿಣದ ಓಕಿನಾವಾ ದ್ವೀಪದ ಭಾಷೆ ಕಲಿಯುವ ನಮ್ಮ ಗುಂಪಿನಲ್ಲಿ ನೀವು ಹಾಕಿದ ಪರಿಚಯದ ಸಾಲು ನೋಡಿದೆ: ‘ವನ್ನೇ ಮೈಸೂರು ಕರ ಮೆನ್ಶೇಬೀನ್’. ಶುರುವಿನಲ್ಲಿ ನಾನೂ ಹೀಗೇ ಬರೆಯುತ್ತಿದ್ದೆ, ಅದಕ್ಕೇ ತಕ್ಷಣ ಕಣ್ಣಿಗೆ ಬಿತ್ತು. ಇದು ‘ನಾನು ಮೈಸೂರಿನಿಂದ ದಯಮಾಡಿಸುತ್ತೇನೆ’ ಅಂದ ಹಾಗಾಯಿತು. ಮೆನ್ಶೇನ್ (ದಯಮಾಡಿಸು) ಗೌರವ ಕೊಡುವುದು ಬರುವವರಿಗೆ, ಹೋಗುವವರಿಗೆ. ಕ್ರಿಯಾಪದದ ಬಾಲಕ್ಕೆ ಸೇರುವ ಅಬೀನ್ (ಇಲ್ಲಿ ‘ಬೀನ್’) ಗೌರವ ಕೊಡುವುದು ಎದುರಿಗೆ ಕೂತು ಕೇಳುವವರಿಗೆ. ಧಾರವಾಡ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ನಾ ಬರ್ತೀನ್ರೀ’ ಅನ್ನುವಾಗಿನ ರೀ ಇದೆಯಲ್ಲ, ಅಬೀನ್ ಮಾಡುವುದು ಅದೇ ಕೆಲಸ. ‘ಅಜ್ಜಾರು ಬರ್ತಾರ್ರೀ’ ಅಂದರೆ ಎರಡೂ ಸೇರಿದ ಮೆನ್ಶೇಬೀನ್. ನಿಮಗೆ ‘ಚಾಬಿತನ್’ (ಬಂದೆನ್ರೀ) ಸಾಕು.

ಇನ್ನು ‘ಬರೆಯುತ್ತೇನೆ’ ಅನ್ನಲು ಬಳಸಿದ ‘ಕಚಿಬೀನ್’. ಜಪಾನೀಸ್ ಕಲಿತು ಬಂದವರೆಲ್ಲ ಇಲ್ಲೇ ಎಡವುತ್ತಾರೆ. ಜಪಾನೀಸಿನ ಕಾಕಿಮಾಸು (ಬರೆಯುತ್ತೇನೆ) ತಲೆಯಲ್ಲಿಟ್ಟುಕೊಂಡು ಬಾಲ ಬದಲಿಸಬೇಡಿ. ಅಬೀನ್ ಬಂದಿರುವುದು ಹಳೆಯ ಜಪಾನೀಸಿನ ವಿನಯದ ಮಾತು ‘ಹಬೇರಿ’ಯಿಂದ, ಮಾಸು ಬೇರೆಯೇ ಮೂಲದ್ದು. ‘ಬರೆ’ ಅನ್ನುವ ಕಚುನ್‌ನಿಂದ ‘ಉನ್’ ತೆಗೆದು ಅಬೀನ್ ಹಚ್ಚಿ: ಕಚಬೀನ್. ಯುಮುನ್ (ಓದು) ಯುಮಬೀನ್ ಆಗುತ್ತದೆ, ಕಮುನ್ (ತಿನ್ನು) ಕಮಬೀನ್. ಯನ್ (‘ಆಗಿದೆ’) ಮಾತ್ರ ಯಾಇಬೀನ್, ಅದನ್ನು ಬಾಯಿಪಾಠ ಮಾಡಿ. ತುಇನ್ (ತೆಗೆದುಕೊ) ಥರದವುಗಳಲ್ಲಿ ಯಬೀನ್, ಇಬೀನ್ ಎರಡೂ ಕಿವಿಗೆ ಬೀಳುತ್ತವೆ, ಗಾಬರಿಯಾಗಬೇಡಿ.

ನನಗೆ ಕೈಹಿಡಿದದ್ದು ಕೋಷ್ಟಕವಲ್ಲ, ಊಟದ ಮಾತು. ತಟ್ಟೆ ಮುಂದೆ ಕೂತಾಗ ‘ಕ್ವಚ್ಚೀ ಸಬಿರ’, ಎದ್ದಾಗ ‘ಕ್ವಚ್ಚೀ ಸಬಿತನ್’. ಕ್ವಚ್ಚೀ ಅಂದರೆ ಔತಣ, ಎರಡರಲ್ಲೂ ಒಂದೇ ಸುನ್ (ಮಾಡು) ಧಾತು. ಮೊದಲನೆಯದರಲ್ಲಿ ‘ಮಾಡುವೆ’, ಎರಡನೆಯದರಲ್ಲಿ ‘ಮಾಡಿದೆ’. ಬಾಗಿಲಲ್ಲಿ ನಿಂತು ಕೂಗುವ ‘ಚಾಬಿರ ಸಾಯ್’ (ಬರ್ತೀನ್ರೀ) ಕೂಡ ಇದೇ ಅಚ್ಚು. ದಿನಾ ಊಟಕ್ಕೆ ಮುಂಚೆ, ಆಮೇಲೆ ಗಟ್ಟಿಯಾಗಿ ಹೇಳಿ, ಆಮೇಲೆ ಸುನ್ ತೆಗೆದು ಬೇರೆ ಧಾತು ಕೂರಿಸಿ: ಕಮಬಿರ, ಕಮಬಿತನ್, ಯುಮಬಿರ, ಯುಮಬಿತನ್. ‘ಮಾಡುವುದಿಲ್ಲ’ ಅನ್ನುವ ಥರದ್ದಕ್ಕೆ ಬಾಲ ‘ಅಬಿರನ್’. ಹೌದಾ ಅಲ್ಲವಾ ಅಂತ ಕೇಳಲು ‘ಅಬೀಮಿ’. ಆದರೆ ಯಾರು, ಏನು, ಎಲ್ಲಿ ಬಂದರೆ ಮಿ ಬರಕೂಡದು, ‘ಗ’ ಬರಬೇಕು: ‘ನೂ ಯಾಇಬೀಗ’ (ಏನದು), ‘ಮಾಂಕಾಯ್ ಮೆನ್ಶೇಬೀಗ’ (ಎಲ್ಲಿಗೆ ಹೊರಟಿರಿ). ಇಲ್ಲಿ ಮಿ ಹಾಕಿದ ಪೋಸ್ಟ್‌ಗಳು ಗುಂಪಿನಲ್ಲಿ ವಾರವಾರ ಬರುತ್ತಿವೆ, ದಯವಿಟ್ಟು ತಿದ್ದಿಕೊಳ್ಳಿ. ವಾಕ್ಯದ ನಡುವೆ ಒತ್ತು ಕೊಡುವ ‘ದು’ ಬಂದರೆ ಕೊನೆ ಬೀನ್ ಅಲ್ಲ, ‘ಬೀರು’.

‘ನಿಫೇ ದೇಬಿರು’ (ಧನ್ಯವಾದ) ನೋಡಿ ಎಲ್ಲ ಕಡೆ ದೇಬಿರು ಹಚ್ಚುವುದೂ ಬೇಡ. ಅದು ಅಚ್ಚೊತ್ತಿ ಉಳಿದ ಮಾತು, ಹೊಸ ವಾಕ್ಯಕ್ಕೆ ಯಾಇಬೀನ್.

ಫೋನಿನ ಅನುವಾದದ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ, ಜಪಾನೀಸ್ ಮಾತಿಗೇ ಓಕಿನಾವಾ ಬಾಲ ಅಂಟಿಸಿ ಕೊಡುತ್ತವೆ. ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯವರು 1963ರಲ್ಲಿ ತಂದ ನಿಘಂಟು ಹಳೆಯದಾದರೂ ಗಟ್ಟಿ. ಅದು ಶುರಿ ಅರಮನೆ ಊರಿನ ಮಾತು, ನೆನಪಿರಲಿ. ಇನ್ನೂ ದಕ್ಷಿಣದ ಮಿಯಾಕೊ, ಯಾಎಯಾಮಾ ದ್ವೀಪಗಳವರ ಮುಂದೆ ಇದೆಲ್ಲ ಹೇಳಬೇಡಿ, ಅವು ಬೇರೆಯೇ ಭಾಷೆಗಳು. ಧನ್ಯವಾದಕ್ಕೆ ಮಿಯಾಕೊದಲ್ಲಿ ‘ತಂದಿಗಾ ತಂದಿ’, ಯಾಎಯಾಮಾದಲ್ಲಿ ‘ಮೀಫಾಯ್ಯೂ’.

ಹಿರಿಯರು ಕರೆದರೆ ‘ಊ’ ಅನ್ನಿ. ‘ಈ’ ಅಂದರೆ ಓರಗೆಯವರಿಗೆ, ಕಿರಿಯರಿಗೆ ಹೇಳಿದ ಹಾಗೆ, ಆಮೇಲೆ ಎಷ್ಟು ಅಬೀನ್ ಸೇರಿಸಿದರೂ ಸರಿಹೋಗದು. ಗೌರವಕ್ಕೆ ಮಾತಿನ ಕೊನೆಗೆ ಹಚ್ಚುವ ಸಾಯ್ ಗಂಡಸರದು. ನಿಮ್ಮ ಮನೆಯವರೂ ಕಲಿಯುತ್ತಿದ್ದಾರೆ ಅಂದಿರಲ್ಲ, ಅವರು ‘ತಾಯ್’ ಅನ್ನಲಿ. ಪರಿಚಯದ ಸಾಲು ತಿದ್ದಿ ಇಲ್ಲೇ ಹಾಕಿ, ನೋಡುತ್ತೇನೆ.