ಬಟ್ಟೆಯ ಹೂಗಳನ್ನು ನೀರಿಗೆ ಅದ್ದುವ ಮುನ್ನ

ನಡುಮನೆಯ ಹೂದಾನಿಯಲ್ಲಿರುವ ಬಟ್ಟೆಯ ಗುಲಾಬಿಗಳೂ ದೇವರ ಮನೆಯ ಬಾಗಿಲಿಗೆ ಕಟ್ಟಿರುವ ಚೆಂಡುಹೂವಿನ ತೋರಣವೂ ಎರಡು ವರ್ಷಗಳಲ್ಲಿ ಧೂಳು ಹಿಡಿದು ಮಂಕಾಗಿವೆ, ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಬಹುದೇ ಎಂದು ನೀವು ಕೇಳಿದ್ದೀರಿ. ದಯವಿಟ್ಟು ನೆನೆಸಿಡಬೇಡಿ. ಒಣ ಧೂಳಿನ ಮೇಲೆ ನೀರು ಬಿದ್ದರೆ ಅದು ಕೆಸರಾಗಿ ಎಸಳಿನ ನೇಯ್ಗೆಯೊಳಗೆ ಇಳಿಯುತ್ತದೆ. ಆಮೇಲೆ ಅದನ್ನು ತೆಗೆಯುವುದು ಧೂಳು ತೆಗೆಯುವುದಕ್ಕಿಂತ ಕಷ್ಟ.

ಮೊದಲು ಒಂದು ಬಿಳಿಯ ಹತ್ತಿ ಬಟ್ಟೆಯನ್ನು ಎಸಳಿನ ಮೇಲೆ ಮೆಲ್ಲಗೆ ಒತ್ತಿ ನೋಡಿ. ಬೂದು ಬಣ್ಣದ ಪುಡಿ ಮಾತ್ರ ಅಂಟಿಕೊಂಡರೆ ಅದು ಒಣ ಧೂಳು. ಕಂದು ಬಣ್ಣದ ಜಿಡ್ಡಿನ ಗುರುತು ಮೂಡಿದರೆ ಊದುಬತ್ತಿಯ ಹೊಗೆ, ದೀಪದ ಎಣ್ಣೆಯ ಮಸಿ ಅಥವಾ ಒಗ್ಗರಣೆಯ ಆವಿ ಧೂಳಿನೊಂದಿಗೆ ಸೇರಿಕೊಂಡಿದೆ ಎಂದು ಅರ್ಥ. ನಿಮ್ಮ ಗುಲಾಬಿಗಳು ಮೊದಲನೆಯ ಗುಂಪಿಗೂ ತೋರಣವು ಎರಡನೆಯದಕ್ಕೂ ಸೇರಿರಬೇಕೆಂದು ನನ್ನ ಊಹೆ.

ಗುಲಾಬಿಗಳನ್ನು ಬಾಲ್ಕನಿಗೆ ಒಯ್ದು, ತಲೆಕೆಳಗಾಗಿ ಹಿಡಿದು, ಒಂದು ಇಂಚಿನ ಹೊಸ ಪೇಂಟ್ ಬ್ರಷ್‌ನಿಂದ ಹೂವಿನ ನಡುವಿನಿಂದ ಅಂಚಿನತ್ತ ಒಂದೊಂದೇ ಎಸಳನ್ನು ಗುಡಿಸಿರಿ. ಸಂದುಗಳಲ್ಲಿ ಉಳಿದದ್ದಕ್ಕೆ ಹೇರ್ ಡ್ರೈಯರ್ ಸಾಕು, ಆದರೆ ತಣ್ಣನೆಯ ಗಾಳಿಯ ಗುಂಡಿಯನ್ನೇ ಒತ್ತಬೇಕು. ಎಸಳು, ಎಲೆಗಳನ್ನು ಎಷ್ಟೋ ಹೂಗಳಲ್ಲಿ ಬಿಸಿ ಗೋಂದಿನಿಂದ ಅಂಟಿಸಿರುತ್ತಾರೆ, ಅದು ಬಿಸಿಗಾಳಿಗೆ ಮೆತ್ತಗಾಗಿ ಜಾರುತ್ತದೆ. ಅಗ್ಗದ ಗುಲಾಬಿಗಳಲ್ಲಿ ಸಾಮಾನ್ಯವಾಗಿ ಎಸಳಿನ ಪದರಗಳನ್ನು ಪ್ಲಾಸ್ಟಿಕ್ ಕಡ್ಡಿಯೊಂದಕ್ಕೆ ಪೋಣಿಸಿರುವುದರಿಂದ, ಹೂವಿನ ತಲೆಯನ್ನು ಕಾಂಡದಿಂದ ಮೆಲ್ಲಗೆ ಎಳೆದರೆ ಅದು ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚುವಾಗ ಪದರಗಳ ಕ್ರಮವನ್ನು ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಪಾಲಿಯೆಸ್ಟರ್ ಎಸಳನ್ನು ಒಣ ಬಟ್ಟೆಯಿಂದ ರಭಸವಾಗಿ ಉಜ್ಜಬೇಡಿ; ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಗಾಳಿಯ ಧೂಳನ್ನು ಮತ್ತೆ ತನ್ನತ್ತ ಸೆಳೆಯುತ್ತದೆ.

ಹೂಗಳನ್ನು ಕಲ್ಲುಪ್ಪಿನೊಂದಿಗೆ ಚೀಲಕ್ಕೆ ಹಾಕಿ ಕುಲುಕುವ ಉಪಾಯವನ್ನು ನೀವೂ ಕೇಳಿರಬಹುದು. ಉಪ್ಪಿನ ಹರಳುಗಳು ಎಸಳುಗಳನ್ನು ಸವರಿಕೊಂಡು ಹೋಗುವುದರಿಂದ ಅದು ಫಲ ಕೊಡುತ್ತದೆ ಎಂಬುದು ನಿಜ. ಆದರೂ ನಾನು ಅದನ್ನು ಬಿಟ್ಟಿದ್ದೇನೆ, ಏಕೆಂದರೆ ಸಂದಿನಲ್ಲಿ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಎಳೆದುಕೊಂಡು ಕಾಂಡದೊಳಗಿನ ತಂತಿಗೆ ತುಕ್ಕು ಹಿಡಿಸುತ್ತದೆ. ಕರಾವಳಿಯಲ್ಲಿರುವವರಂತೂ ಈ ಉಪಾಯದ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಜಿಡ್ಡು ಹಿಡಿದ ತೋರಣಕ್ಕೆ ನೀರು ಬೇಕೇ ಬೇಕು. ಆದರೆ ಅದಕ್ಕೂ ಮೊದಲು ಬ್ರಷ್‌ನಿಂದ ಒಣ ಧೂಳನ್ನು ತೆಗೆದು, ಹಿಂಬದಿಯ ಒಂದು ಎಸಳಿಗೆ ಒದ್ದೆ ಮಾಡಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿಟ್ಟು ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿರಿ. ಈ ಅರ್ಧ ನಿಮಿಷವನ್ನು ಉಳಿಸಲು ಹೋಗಿ ನಾನು ಒಮ್ಮೆ ಕೆಂಪು ಮತ್ತು ಬಿಳಿ ಹೂಗಳಿದ್ದ ಒಂದು ಮಾಲೆಯನ್ನು ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿಸಿದ್ದೇನೆ. ಅದು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನವಾಗಿತ್ತು. ಪಾಲಿಯೆಸ್ಟರ್ ಹೂಗಳು ಸಾಮಾನ್ಯವಾಗಿ ನೀರನ್ನು ತಡೆದುಕೊಳ್ಳುತ್ತವೆ. ಹತ್ತಿ ಬಟ್ಟೆಯ ಹೂಗಳಿಗೆ ಗಂಜಿ ಹಾಕಿದ್ದರೆ ನೀರಿಗೆ ಬಿದ್ದೊಡನೆ ಎಸಳು ಸೊರಗುತ್ತದೆ, ವೆಲ್ವೆಟ್ಟಿನ ನವಿರು ಒಂದಕ್ಕೊಂದು ಅಂಟಿ ಕಳೆಗುಂದುತ್ತದೆ. ಕಾಗದದ ಹೂಗಳು ಜೊತೆಗಿದ್ದರೆ ಅವುಗಳಿಗೆ ಬ್ರಷ್ ಬಿಟ್ಟರೆ ಬೇರೆ ದಾರಿಯಿಲ್ಲ.

ಬಣ್ಣ ಬಿಡದಿದ್ದರೆ ಅರ್ಧ ಬಕೆಟ್ ತಣ್ಣೀರಿಗೆ ಒಂದು ಚಮಚ ಶಾಂಪೂ ಕದಡಿ, ತೋರಣದ ಒಂದೊಂದು ಎಳೆಯನ್ನು ಹತ್ತು ಸೆಕೆಂಡಿನಷ್ಟು ಕಾಲ ಅದ್ದಿ ಅಲುಗಿಸಿ, ಶುದ್ಧ ನೀರಿನಲ್ಲಿ ಎರಡು ಬಾರಿ ಜಾಲಿಸಿರಿ. ಹಿಂಡಬಾರದು. ರೇಷ್ಮೆ ಸೀರೆ ತೊಳೆಯುವ ಅಂಟುವಾಳದ ನೀರೂ ಜಿಡ್ಡನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ಅದರ ಕಂದು ಛಾಯೆ ಬಿಳಿ ಹೂವಿಗೆ ಹತ್ತುವ ಭಯವಿರುವುದರಿಂದ ನಾನು ಅದನ್ನು ಹಳದಿ, ಕಿತ್ತಳೆ ಹೂಗಳಿಗೆ ಮಾತ್ರ ಬಳಸುತ್ತೇನೆ. ಬಳಿಕ ನೀರು ಜಾಡಿಸಿ, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ, ಗಾಳಿಯಾಡುವ ನೆರಳಿನಲ್ಲಿ ತೂಗುಬಿಡಿ. ಬಿಸಿಲಿಗೆ ಬಣ್ಣ ಮಾಸುತ್ತದೆ. ಚೆಂಡುಹೂವಿನ ಎಸಳುಗಳು ಒತ್ತೊತ್ತಾಗಿರುವುದರಿಂದ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ, ಆದ್ದರಿಂದ ಫ್ಯಾನಿನ ಕೆಳಗೆ ಇನ್ನೊಂದು ದಿನ ಬಿಟ್ಟು, ಬೆರಳಿನಿಂದ ನಡುವನ್ನು ಬಿಡಿಸಿ ನೋಡಿದ ಮೇಲೆಯೇ ಮತ್ತೆ ಕಟ್ಟಿರಿ.

ಕಟ್ಟುವಾಗ ದೀಪದ ಜ್ವಾಲೆಗೂ ತೋರಣದ ತುದಿಗೂ ಎಷ್ಟು ಅಂತರವಿದೆಯೆಂದು ನೋಡಿಕೊಳ್ಳಿ. ಮಸಿ ಹಿಡಿಯುವಷ್ಟು ಹತ್ತಿರವಿದ್ದರೆ, ಪಾಲಿಯೆಸ್ಟರ್ ಕರಗಿ ಹೊತ್ತಿಕೊಳ್ಳುವ ವಸ್ತುವಾದ್ದರಿಂದ, ತೋರಣವನ್ನು ಬಾಗಿಲಿನ ಹೊರಮುಖಕ್ಕೆ ಸರಿಸುವುದು ಉತ್ತಮ. ಆಗ ಮುಂದಿನ ಬಾರಿ ಬ್ರಷ್ ಒಂದೇ ಸಾಕಾಗಬಹುದು.